ಮಜ್ಜಿಗೆ ಕುಡಿದ ಮಲ್ಲಿಗೆ

ಬೇರೆಯವರ ಬಾಯಿಂದ ಕೇಳಿ ನೀವು ನಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಮಲ್ಲಿಗೆ ಬಳ್ಳಿಯನ್ನು ಚಳಿಗಾಲದಲ್ಲಿ ಹೇಗೆ ಕಾಪಾಡಬೇಕು ಅಂತ ಅಕ್ಕ ನನ್ನೆದುರು ನಿಂತು ಅರ್ಧ ಗಂಟೆ ಹೇಳಿದರು. ನಾನು ಆ ಅರ್ಧ ಗಂಟೆಯೂ ಅವರು ಏನು ಹೇಳುತ್ತಿದ್ದಾರೆ ಅನ್ನುವುದನ್ನು ಬಿಟ್ಟು, ಹೇಗೆ ಹೇಳುತ್ತಿದ್ದಾರೆ ಅನ್ನುವುದನ್ನೇ ಕೇಳುತ್ತಿದ್ದೆ. ಕನ್ನಡಕ ಮೂಗಿನ ತುದಿಗೆ ಜಾರುವುದು, ಅದನ್ನು ಮೇಲೆ ತಳ್ಳುವ ಬದಲು ತಲೆಯನ್ನೇ ಹಿಂದಕ್ಕೆ ಎತ್ತಿ ನೋಡುವುದು, ಪ್ರತಿ ಮಾತಿನ ಕೊನೆಗೂ "ಗೊತ್ತಾಯ್ತಾ?" ಅನ್ನುವುದು, ನಾವು ಬಾಯಿ ತೆರೆಯುವ ಮೊದಲೇ "ಗೊತ್ತಾಗಿಲ್ಲ ಬಿಡು" ಅಂತ ತಾವೇ ತೀರ್ಪು ಕೊಡುವುದು, ಇವೆಲ್ಲ ನನಗೆ ಕಂಠಪಾಠ. ನೀರೆಷ್ಟು, ಬಿಸಿಲೆಷ್ಟು ಅಂತ ಕೇಳಿ. ಸೊನ್ನೆ.

ಇದು ನನ್ನ ಹುಟ್ಟುರೋಗ. ಯಾರು ಮಾತಾಡಿದರೂ ನನ್ನ ಕಿವಿಗೆ ಮೊದಲು ಬೀಳುವುದು ರಾಗ. ಜಪಾನಿನ ಶಿನಾಗಾವಾದಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರ್-ಸಾನ್, ಅಂದರೆ ಮ್ಯಾನೇಜರ್ ಸಾಹೇಬರು, ಆಗುವುದಿಲ್ಲ ಅಂತ ಹೇಳುವ ಮೊದಲು ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಳ್ಳುತ್ತಾರೆ, ಬಿಸಿ ಕಾಫಿ ಸೊರ್ರ್ ಅಂತ ಹೀರಿದ ಹಾಗೆ. ಆಮೇಲೆ "ಸೋರೆವಾ ಚೋತ್ತೋ..." ಅಂದು ನಿಲ್ಲಿಸುತ್ತಾರೆ. "ಅದು ಸ್ವಲ್ಪ..." ಅಂತ ಅರ್ಥ. ಸ್ವಲ್ಪ ಏನು ಅಂತ ಯಾರೂ ಕೇಳಬಾರದು. ಅದನ್ನು ನಾನು ಮಾಡಿ ತೋರಿಸಿದರೆ ಜಪಾನಿ ಸಹೋದ್ಯೋಗಿಗಳೇ ಮೇಜಿನಡಿಗೆ ಬಗ್ಗಿ ನಗುತ್ತಾರೆ. ಹಾಗಂತ ನನ್ನ ಜಪಾನಿ ಭಾಷೆ ಭಾರೀ ಅಂದುಕೊಳ್ಳಬೇಡಿ. ನಾನದನ್ನು ಕಲಿತದ್ದು ಮನೆ ಹತ್ತಿರದ ಕೊಂಬಿನಿಯಲ್ಲಿ, ಹಗಲೂ ರಾತ್ರಿಯೂ ತೆರೆದಿರುವ ಪುಟ್ಟ ಅಂಗಡಿಯಲ್ಲಿ. ಹಾಗಾಗಿ ಗಂಭೀರ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಮಾತಾಡಿದರೂ "ಬ್ಯಾಗ್ ಬೇಕಾ? ಬಿಸಿ ಮಾಡಿಕೊಡಲಾ?" ಅಂತ ಕೇಳಿದ ಹಾಗೇ ಇರುತ್ತದಂತೆ. ಮ್ಯಾನೇಜರ್-ಸಾನ್ ಅವರೇ ಒಮ್ಮೆ ಹೇಳಿದ್ದರು, ಗಾಳಿ ಎಳೆದುಕೊಂಡು.

ಅಕ್ಕ ಅಂದೆನಲ್ಲ, ಒಡಹುಟ್ಟಿದವರೇನಲ್ಲ. ನಮ್ಮ ಆಫೀಸಿನ ಹಿರಿಯರೊಬ್ಬರ ಹೆಂಡತಿ. ನಾವೆಲ್ಲ ಇರುವ ಕಾಶಿವಾ ಊರಿನ ದೊಡ್ಡ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಸಂಶೋಧನೆ ಮಾಡುತ್ತಾರೆ. ನಾನು ಕಾಶಿವಾಕ್ಕೆ ಬಂದ ಮೊದಲ ವಾರವೇ ಅವರ ಮನೆಯಲ್ಲಿ ಹುಳಿಯನ್ನ ತಿಂದು ಅಕ್ಕ-ಭಾವ ಅಂತ ಸಂಬಂಧ ಕಟ್ಟಿಕೊಂಡೆ. ಅವರಿಗೆ ಏಳು ವರ್ಷದ ಮಗಳಿದ್ದಾಳೆ. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ, ನಾವು ಗುಟ್ಟು ಮಾತಾಡಿದರೆ ಮಾತ್ರ ಕನ್ನಡ ಪೂರ್ತಿ ಅರ್ಥವಾಗುತ್ತದೆ. ನನ್ನನ್ನು "ಮಾಮಾ" ಅಂತ ಕರೆಯುತ್ತಾಳೆ. ಇಲ್ಲಿ ಅದಕ್ಕೆ ಅಮ್ಮ ಅಂತ ಅರ್ಥ. ಸ್ಟೇಷನ್ನಿನಲ್ಲಿ ಹಾಗೆ ಕೂಗಿದಾಗೆಲ್ಲ ಜಪಾನಿನ ತಾಯಂದಿರು ತಿರುಗಿ ನೋಡಿ, ಗಡ್ಡ ಬಿಟ್ಟ ಈ ತಾಯಿ ಯಾವುದು ಅಂತ ಕಕ್ಕಾಬಿಕ್ಕಿಯಾಗುತ್ತಾರೆ.

ಆ ಮಗುವಿಗೆ ಸೊಂಟ ಮುಟ್ಟುವ ಕೂದಲು. ಕ್ಲಾಸಿನ ಗೆಳತಿಯೊಬ್ಬಳು ಉದ್ದ ಕೂದಲು ಬೆಳೆಸಿ, ಕತ್ತರಿಸಿ, ಕಾಯಿಲೆಯ ಮಕ್ಕಳಿಗೆ ವಿಗ್ ಮಾಡಲಿ ಅಂತ ಕೊಟ್ಟಳಂತೆ. ಇಲ್ಲಿನ ಹುಡುಗಿಯರಲ್ಲಿ ಅದೊಂದು ದೊಡ್ಡ ಹೆಮ್ಮೆ. ಇವಳೂ ಕೊಡುತ್ತೇನೆ ಅಂತ ಹಟ ಹಿಡಿದಳು. ಮುಂದಿನ ಜೂನಿನಲ್ಲಿ ಸ್ಕೂಲಿನ ಈಜುಕೊಳ ಶುರುವಾಗುವ ಮೊದಲು ಕತ್ತರಿ ಬೀಳಬೇಕು, ಇಷ್ಟು ಕೂದಲು ಈಜಿನ ಟೋಪಿಯೊಳಗೆ ಹಿಡಿಯುವುದಿಲ್ಲ. ಅಕ್ಕ ಬೇಡ ಅನ್ನಲಿಲ್ಲ. ಒಂದೇ ಒಂದು ಆಸೆ ಇಟ್ಟುಕೊಂಡರು. ಕತ್ತರಿ ಬೀಳುವ ಮೊದಲು ಮಗಳಿಗೆ ಒಂದು ಸಲ ಮೊಗ್ಗಿನ ಜಡೆ ಹಾಕಬೇಕು.

ಮೊಗ್ಗಿನ ಜಡೆ ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೈಸೂರಿನ ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಆ ಒಂದು ಫೋಟೋ ಇರುತ್ತದೆ. ರೇಷ್ಮೆ ಲಂಗ ಉಟ್ಟ ಹುಡುಗಿ, ಹಿಂದೆ ಕನ್ನಡಿ, ಕನ್ನಡಿಯಲ್ಲಿ ಬೆನ್ನುದ್ದಕ್ಕೂ ಮಲ್ಲಿಗೆ ಮೊಗ್ಗು ಹೊಲಿದ ಜಡೆ, ಮುಖದಲ್ಲಿ ಮಾತ್ರ ಈಗಲೋ ಆಗಲೋ ಅಳುವ ಕಳೆ. ಅಕ್ಕನದ್ದೂ ಇದೆ. ಅವರ ಅಮ್ಮನದ್ದೂ ಇದೆ, ಅದೇ ಭಂಗಿ, ಅದೇ ಅಳುಮೋರೆ.

"ಚಿಕ್ಕಪೇಟೆಯಲ್ಲಿ ಪ್ಲಾಸ್ಟಿಕ್ ಮೊಗ್ಗಿಂದು ರೆಡಿಮೇಡ್ ಸಿಗತ್ತೆ, ತರಿಸೋಣ್ವಾ?" ಅಂತ ಭಾವ ಕೇಳಿದರು.

ಅಕ್ಕ ತಲೆ ಹಿಂದಕ್ಕೆ ಎತ್ತಿ ಕನ್ನಡಕದೊಳಗಿಂದ ನೋಡಿದರು. ಭಾವ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಪ್ಲಾಸ್ಟಿಕ್ ಯಾಕೆ, ಬಳ್ಳಿಯೇ ಇತ್ತಲ್ಲ. ಇಲ್ಲಿನ ಹೋಮ್ ಸೆಂಟರ್ ಅನ್ನುವ ಮನೆಸಾಮಾನಿನ ಅಂಗಡಿಯಲ್ಲಿ ಬೇಸಿಗೆಯಲ್ಲಿ ನಮ್ಮ ದುಂಡುಮಲ್ಲಿಗೆಯನ್ನು ಪುಟ್ಟ ಕುಂಡದಲ್ಲಿ ಮಾರುತ್ತಾರೆ. ಜನ ಒಂದು ಬೇಸಿಗೆ ಹೂ ನೋಡಿ, ಚಳಿಗೆ ಸತ್ತ ಮೇಲೆ ಎಸೆಯುತ್ತಾರೆ. ಅಕ್ಕ ಹಾಗೆ ತಂದದ್ದನ್ನು ಎರಡು ಚಳಿಗಾಲ ದಾಟಿಸಿ, ದೊಡ್ಡ ಕುಂಡಕ್ಕೆ ಬದಲಾಯಿಸಿ, ಬಿದಿರು ಕಡ್ಡಿಗೆ ಹಬ್ಬಿಸಿ, ನನ್ನೆತ್ತರ ಬೆಳೆಸಿದ್ದರು. ಆದರೆ ಆ ವರ್ಷ ಅವರು ಹೊಸ ಮನೆಗೆ ಹೋಗಿದ್ದರು. ದೊಡ್ಡ ಮನೆ, ಬಾಲ್ಕನಿ ಮಾತ್ರ ಉತ್ತರಕ್ಕೆ. ಚಳಿಗಾಲದಲ್ಲಿ ಒಂದು ಚೂರು ಬಿಸಿಲು ಬರುವುದಿಲ್ಲ. ಜೊತೆಗೆ ನವೆಂಬರಿನಿಂದ ಮಾರ್ಚಿನ ತನಕ ಅಕ್ಕ ಪ್ರಯೋಗದ ಕೆಲಸಕ್ಕೆ ದೂರದ ಒಕಾಜಾಕಿ ಊರಿನಲ್ಲಿ ಇರಬೇಕಾಗಿ ಬಂತು. ಮಗಳನ್ನು ಭಾವನ ಕೈಗೆ ಕೊಟ್ಟರು. ಬಳ್ಳಿಯನ್ನು ಕೊಡಲಿಲ್ಲ.

"ಮಗು ಹಸಿವಾದ್ರೆ ಬಾಯಿಬಿಟ್ಟು ಕೇಳತ್ತೆ. ಬಳ್ಳಿ ಕೇಳಲ್ಲ. ನಿಮ್ಮ ಭಾವನ ಕೈಯಲ್ಲಿ ಪ್ಲಾಸ್ಟಿಕ್ ಗಿಡಾನೂ ಒಣಗತ್ತೆ," ಅಂದರು ನನಗೆ. "ನಿನ್ನ ರೂಮು ದಕ್ಷಿಣಕ್ಕಿದೆ. ನೀನು ನೋಡ್ಕೊ."

ನನ್ನ ರೂಮಿನ ದಿಕ್ಕಿಗೆ ಸಿಕ್ಕ ಮರ್ಯಾದೆ ಅದು. ನಾನು ನನ್ನ ಯೋಗ್ಯತೆಗೆ ಸಿಕ್ಕಿದ್ದು ಅಂದುಕೊಂಡೆ.

ಒಂದು ಭಾನುವಾರ ಭಾವನ ಸೈಕಲ್ಲಿನ ಹಿಂದಿನ ಮಕ್ಕಳ ಸೀಟಿನಲ್ಲಿ ಕುಂಡ ಕೂರಿಸಿ, ಬೆಲ್ಟ್ ಬಿಗಿದು, ತಳ್ಳಿಕೊಂಡು ಹೊರಟೆವು. ಪಕ್ಕದಲ್ಲಿ ನಡೆಯುತ್ತಿದ್ದ ಮಗಳು ತನ್ನ ಹೆಲ್ಮೆಟ್ಟನ್ನೂ ಬಳ್ಳಿಗೆ ಹಾಕಿದಳು. ಸಿಗ್ನಲ್ಲಿನಲ್ಲಿ ನಿಂತಿದ್ದ ಪೊಲೀಸ್-ಸಾನ್ ಹೆಲ್ಮೆಟ್ಟಿನ ಕೆಳಗೆ ಮುಖ ಹುಡುಕಿದರು, ಎಲೆ ಕಂಡಿತು, ತಲೆಬಾಗಿ ನಮಸ್ಕಾರ ಮಾಡಿದರು. ನಿಯಮ ಪಾಲಿಸಿದ್ದಕ್ಕೆ ಇರಬೇಕು.

ರೂಮಿಗೆ ಬಂದ ಮೇಲೆ ಆ ಅರ್ಧ ಗಂಟೆಯ ಪಾಠ. ಮುಗಿಸಿ ಅಕ್ಕ ಕೇಳಿದರು, "ಬರೆದುಕೊಡ್ಲಾ?"

"ಅಕ್ಕಾ, ನಾನು ಮೈಸೂರಿನವನು. ಮಲ್ಲಿಗೆ ವಿಷಯ ನಂಗೆ ಬರೆದುಕೊಡ್ತೀರಾ?" ಅಂದೆ.

ನಮ್ಮ ಮೈಸೂರಿನ ಮನೆಯಲ್ಲಿ ಮಲ್ಲಿಗೆ ಬಳ್ಳಿ ಇದ್ದದ್ದು ನಿಜ. ಆದರೆ ಅದನ್ನು ನೋಡಿಕೊಂಡದ್ದು ಅಮ್ಮ. ನನ್ನ ಸೇವೆ ಅಂದರೆ ಕ್ರಿಕೆಟ್ ಬಾಲು ಅದರೊಳಗೆ ಹೊಡೆದು, ಬಾಲು ಹುಡುಕುವ ನೆಪದಲ್ಲಿ ಮೊಗ್ಗು ಉದುರಿಸುವುದು.

ಅಕ್ಕ ಕೆಳಗಿಳಿಯುತ್ತಿದ್ದ ಹಾಗೇ ನಾನು ಭಾವನ ಮುಂದೆ ಅವರನ್ನು ಮಾಡಿ ತೋರಿಸಿದೆ. ಬೇರೆ ಮಾತೇ ಇಲ್ಲ, ಬರೀ ಕನ್ನಡಕ, ತಲೆ ಎತ್ತುವುದು, "ಗೊತ್ತಾಯ್ತಾ? ಗೊತ್ತಾಗಿಲ್ಲ ಬಿಡು." ಭಾವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ ಸದ್ದು ನಿಂತಾಗ ನಗುವೂ ನಿಂತಿತು.

ಮರುದಿನದಿಂದ ನನ್ನ ಸಸ್ಯಶಾಸ್ತ್ರ ಶುರು. ಅಮ್ಮ ಊರಲ್ಲಿ ಏನು ಮಾಡುತ್ತಿದ್ದರೋ ಅದೇ. ಸ್ನಾನ ಆದ ತಕ್ಷಣ ಒಂದು ಚೆಂಬು ನೀರು. ಬಿಸಿಲಿಗೆ ಅಂತ ಕಿಟಕಿಯ ಗಾಜಿಗೆ ಅಂಟಿಸಿ ಇಟ್ಟೆ. ಪಾಪ ಚಳಿ ಆಗಬಾರದು ಅಂತ, ಚಳಿಗಾಲದಲ್ಲಿ ಹೀಟರಾಗುವ ಇಲ್ಲಿನ ಏಸಿಯ ಬಿಸಿ ಗಾಳಿ ಅದರ ಕಡೆಗೇ ತಿರುಗಿಸಿದೆ. ನನಗೆ ಹೀಟರಿಲ್ಲದೆ ಮಲಗಿ ಅಭ್ಯಾಸ ಅಂತ ರಾತ್ರಿ ಅದನ್ನು ಆರಿಸಿಬಿಡುತ್ತಿದ್ದೆ. ಅಂದರೆ ಹಗಲು ಒಲೆ, ರಾತ್ರಿ ಫ್ರಿಜ್ಜು, ದಿನವೂ ಅಭಿಷೇಕ. ಡಿಸೆಂಬರ್ ಮುಗಿಯುವ ಹೊತ್ತಿಗೆ ಎಲೆಗಳು ಹಳದಿ ತಿರುಗಿದವು. ನಾನು ಚಿಗುರಿನ ಬಣ್ಣ ಇರಬೇಕು ಅಂದುಕೊಂಡೆ. ಉದುರಲು ಶುರುವಾದವು. ಹಳೇ ಎಲೆ ಇರಬೇಕು ಅಂದುಕೊಂಡೆ.

ಅಕ್ಕ ಪ್ರತಿ ಶನಿವಾರ ವಿಡಿಯೋ ಕರೆ ಮಾಡಿ "ಬಳ್ಳಿ ತೋರ್ಸು" ಅನ್ನುತ್ತಿದ್ದರು. ಮೊದಮೊದಲು ಇಡೀ ಬಳ್ಳಿ ತೋರಿಸುತ್ತಿದ್ದೆ. ಆಮೇಲೆ ಅರ್ಧ. ಆಮೇಲೆ ಒಂದು ಕೊಂಬೆ, ಹತ್ತಿರದಿಂದ. ಜನವರಿಯಲ್ಲಿ ತೋರಿಸುವಂಥ ಎಲೆ ಒಂದೇ ಉಳಿದಿತ್ತು. ಅದನ್ನೇ ತೆರೆ ತುಂಬ ಹಿಡಿದೆ.

"ಅಬ್ಬಾ, ಎಷ್ಟು ದೊಡ್ಡೆಲೆ ಬಿಟ್ಟಿದೆ!" ಅಂದರು ಅಕ್ಕ.

ಆ ಕ್ಷಣಕ್ಕೆ ಆ ಎಲೆಯೂ ಟಪ್ ಅಂತ ಉದುರಿತು. ತೆರೆಯ ಮೇಲೆ ಉಳಿದದ್ದು ಒಣಕಡ್ಡಿ ಮತ್ತು ನನ್ನ ಹೆಬ್ಬೆರಳು. ನಾನು ನೆಟ್‌ವರ್ಕ್ ಹೋದವನ ದನಿ ಮಾಡಿ, "ಅ...ಕ್ಕಾ... ಕೇಳ್...ತಿಲ್..." ಅಂತ ತುಂಡು ತುಂಡಾಗಿ ಮಾತಾಡಿ ಕರೆ ಕತ್ತರಿಸಿದೆ. ನನ್ನ ಕಲೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ ಅಂತ ಆಗ ಅನ್ನಿಸಿತು.

ಅಕ್ಕನಿಗೇ ಕೇಳಬಹುದಿತ್ತಲ್ಲ ಅಂತೀರಿ. ಕೇಳಬಹುದಿತ್ತು. "ನಾನು ಮೈಸೂರಿನವನು" ಅಂದವನು ಯಾವ ಬಾಯಲ್ಲಿ ಕೇಳುವುದು? ಮೈಸೂರಿಗೇ ಫೋನು ಮಾಡಿದೆ.

"ಅಮ್ಮಾ, ಮಲ್ಲಿಗೆ ಸೊರಗಿದೆ, ಏನು ಹಾಕ್ಲಿ?"

"ನಾನು ಕರಿಬೇವಿಗೆ ಹುಳಿ ಮಜ್ಜಿಗೆ ಹಾಕ್ತೀನಪ್ಪ, ಹೆಂಗೆ ಚಿಗುರತ್ತೆ ಗೊತ್ತಾ!"

ನನಗೆ ಅಷ್ಟು ಸಾಕಾಯಿತು. ಅಮ್ಮ ಹೇಳಿದ್ದು ಕರಿಬೇವಿಗೆ, ಅದೂ ಅಂಗಳದ ನೆಲದಲ್ಲಿ, ಮೈಸೂರಿನ ಬಿಸಿಲಲ್ಲಿ. ನಾನು ಹಾಕಿದ್ದು ಮಲ್ಲಿಗೆಗೆ, ಕುಂಡದಲ್ಲಿ, ಕಿಟಕಿ ಬಾಗಿಲು ಮುಚ್ಚಿದ, ಆರು ಟಾಟಾಮಿ ಚಾಪೆ ಹಿಡಿಸುವಷ್ಟೇ ಪುಟ್ಟ ರೂಮಿನಲ್ಲಿ, ಕಾಶಿವಾದ ಜನವರಿಯಲ್ಲಿ. ಕೊಂಬಿನಿಯಿಂದ ಮೊಸರು ತಂದು ಕಡೆದೆ. ಅದು ಸಕ್ಕರೆ ಹಾಕಿದ ಮೊಸರು ಅಂತ ಮಿಕ್ಕಿದ್ದನ್ನು ಕುಡಿದಾಗ ಗೊತ್ತಾಯಿತು. ಅಷ್ಟರಲ್ಲಿ ಮಲ್ಲಿಗೆ ತನ್ನ ಪಾಲು ಕುಡಿದಾಗಿತ್ತು.

ಆ ವಾರ ನನ್ನ ರೂಮು ಡೈರಿಯ ಹಿತ್ತಲಿನ ಹಾಗೆ ನಾತ ಹೊಡೆಯಿತು. ಕುಂಡದಿಂದ ಸಾಸಿವೆ ಕಾಳಿನಂಥ ನೊಣಗಳು ಎದ್ದು ನನ್ನ ಲ್ಯಾಪ್‌ಟಾಪಿನ ಬೆಳಕಿಗೆ ಮೀಟಿಂಗಿಗೆ ಬರುವ ಹಾಗೆ ಸರಿಯಾಗಿ ಒಂಬತ್ತಕ್ಕೆ ಬಂದು ಕೂರುತ್ತಿದ್ದವು. ಕೆಳಗಿನ ಮನೆಯಲ್ಲಿರುವ ಓನರ್ ಅಜ್ಜಿ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಬಂದರು. ಬಾಗಿಲಲ್ಲೇ ನಿಂತು, ಸಾಧ್ಯವಾದಷ್ಟು ಕಡಿಮೆ ಉಸಿರಾಡುತ್ತ, "ಸುಮಿಮಾಸೆನ್, ಕ್ಷಮಿಸಿ, ನಿಮ್ಮ ದೇಶದ ಅಡುಗೆ ತುಂಬಾ ದಿನ ಬೇಯಿಸಬೇಕೇನೋ, ಅಲ್ಲವಾ?" ಅಂದರು. ಈ ನಾಡಿನಲ್ಲಿ "ನಿನ್ನ ಮನೆ ನಾರುತ್ತಿದೆ" ಅಂತ ಹೇಳುವುದು ಹೀಗೆ. ನಾನು ಸೊಂಟ ಮುರಿಯುವಷ್ಟು ಬಗ್ಗಿ ಕ್ಷಮೆ ಕೇಳಿದೆ. ಕೊಂಬಿನಿ ದನಿಯಲ್ಲೇ ಕೇಳಿರಬೇಕು, ಅಜ್ಜಿ ಹೋಗುತ್ತಾ "ಬ್ಯಾಗು ಇಟ್ಟುಕೊಳ್ಳಿ" ಅಂದರು.

ಮುಂದಿನ ಭಾನುವಾರ ಮಧ್ಯಾಹ್ನ ಭಾವ ಯಾವುದೋ ಕೆಲಸಕ್ಕೆ ಹೋಗುವವರು ಮಗಳನ್ನು ನನ್ನ ರೂಮಿನಲ್ಲಿ ಬಿಟ್ಟು ಹೋದರು. ಅವಳು ಶೂ ಬಿಚ್ಚಿ ಒಳಗೆ ಬಂದವಳೇ ಕುಂಡದ ಮುಂದೆ ನಿಂತಳು. ಬಿದಿರು ಕಡ್ಡಿ ಯಾವುದು, ಬಳ್ಳಿ ಯಾವುದು ಅಂತ ಗುರುತು ಸಿಗದ ಹಾಗೆ ಎರಡೂ ಒಣಗಿದ್ದವು. ಜಪಾನಿಯಲ್ಲಿ ಏನಾದರೂ ಚುಚ್ಚುತ್ತಾಳೆ ಅಂತ ನಾನು ಕಾದೆ. ಅವಳು ಜಡೆಯ ತುದಿಯನ್ನು ಮುಂದೆ ಎಳೆದುಕೊಂಡು, ಹಿಡಿದುಕೊಂಡು, ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದಳು:

"ಮಾಮಾ, ಅಮ್ಮ ಅಳ್ತಾಳೆ."

ನನಗೆ ಹಾಸ್ಯ ಮರೆತುಹೋದದ್ದು ಕಡಿಮೆ. ಆವತ್ತು ಮರೆತೆ. ಇಬ್ಬರೂ ಟಾಟಾಮಿ ಚಾಪೆಯ ಮೇಲೆ ಕುಂಡದ ಎದುರು, ಕಾಯಿಲೆಯವರ ಮಂಚದ ಪಕ್ಕ ಕೂರುವ ಹಾಗೆ ಕೂತೆವು. ಕಿತ್ತಳೆ ಸುಲಿದುಕೊಟ್ಟೆ, ತಿನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತೋಳು ತಿವಿದು, "ಅಮ್ಮ ಯಾತ್ತೆ" ಅಂದಳು. ಅಮ್ಮನನ್ನು ಮಾಡಿ ತೋರಿಸು ಅಂತ. ಅಮ್ಮ ಊರು ಬಿಟ್ಟು ಎರಡು ತಿಂಗಳಾಗಿತ್ತು. ಫೋನಿನ ತೆರೆಯ ಅಮ್ಮನನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ಎದ್ದು ನಿಂತೆ. ಅವತ್ತು ಅಕ್ಕ ನಿಂತಿದ್ದ ಜಾಗದಲ್ಲೇ, ಕುಂಡದ ಎಡಕ್ಕೆ. ಕನ್ನಡಕ ಇಲ್ಲ, ಆದರೂ ಜಾರಿಸಿದೆ. ತಲೆ ಹಿಂದಕ್ಕೆ ಎತ್ತಿದೆ. ಮಗು ಆಗಲೇ ನಗಲು ಶುರುಮಾಡಿದಳು. ಸಾಮಾನ್ಯವಾಗಿ ನಾನು ನೇರ "ಗೊತ್ತಾಯ್ತಾ?"ಕ್ಕೆ ಹೋಗುತ್ತೇನೆ, ನಗು ಬರುವುದು ಅಲ್ಲೇ. ಆವತ್ತು ಅವಳಿಗೆ ಪೂರ್ತಿ ಅಮ್ಮ ಬೇಕಿತ್ತು. ಮೊದಲಿಂದ ಹಿಡಿದೆ. ಅವತ್ತು ಅಕ್ಕ ಎಡಗೈ ಸೊಂಟಕ್ಕಿಟ್ಟಿದ್ದರು, ನಾನೂ ಇಟ್ಟೆ. ಬಲಗೈಯ ತೋರುಬೆರಳು ಮಣ್ಣಿಗೆ ಚುಚ್ಚಿದ್ದರು, ನಾನೂ ಚುಚ್ಚಿದೆ. ಬೆರಳು ಮಣ್ಣಿಗೆ ಹೋದದ್ದೇ ತಡ, ಬಾಯಿಂದ ಬಂತು:

"ನೋಡು, ಇಷ್ಟು ಗೆಣ್ಣು ಒಳಗೆ ಹೋಗ್ಬೇಕು ಬೆರಳು. ಒಳಗೂ ಒಣಗಿದ್ರೆ ಮಾತ್ರ ನೀರು. ದಿನಾ ಹಾಕ್ಬೇಡ, ಇದೇನು ತುಳಸಿಕಟ್ಟೆ ಅಲ್ಲ. ಗೊತ್ತಾಯ್ತಾ?"

ನಾನೇ ಬೆಚ್ಚಿದೆ. ಈ ಮಾತು ಎಲ್ಲಿತ್ತು?

"ಮಾಮಾ, ತ್ಸುಝುಕಿ!" ಅಂದಳು ಮಗು, ಮುಂದಿಂದು, ಮುಂದಿಂದು ಅಂತ.

ನಿಲ್ಲಿಸಿದರೆ ದಾರ ಕಡಿದುಹೋಗುತ್ತದೆ ಅಂತ ಭಯವಾಯಿತು. ತಲೆ ಎತ್ತಿದೆ, ಅಕ್ಕ ನೋಡಿದ ಹಾಗೆ ಏಸಿ ಕಡೆ ನೋಡಿದೆ, ಅವರ ಹಾಗೇ ಮೂಗು ಮುರಿದೆ. "ಆ ಬಿಸಿಗಾಳಿ ಇದರ ಮೇಲೆ ಬಿಡ್ಬೇಡ, ಹಪ್ಪಳ ಆಗತ್ತೆ. ಹಗಲು ಕಿಟಕಿ ಹತ್ರ, ಕತ್ತಲಾದ್ಮೇಲೆ ರೂಮಿನ ನಡುಮಧ್ಯ. ಗಾಜು ಚಳಿ ಕುಡಿಯತ್ತೆ." ಕತ್ತರಿಯ ಹಾಗೆ ಎರಡು ಬೆರಳು ಆಡಿಸಿದೆ. "ಮೊಣಕಾಲೆತ್ತರಕ್ಕೆ ಕತ್ತರಿಸು, ಪಾಪ ಅನ್ಬೇಡ. ಗೊಬ್ಬರ ಗಿಬ್ಬರ ಯುಗಾದಿ ತನಕ ಮುಟ್ಟಬೇಡ, ಮಲಗಿರೋರಿಗೆ ಊಟ ತುರುಕಬಾರದು." ಕೊನೆಗೆ ಅಕ್ಕ ಬಾಗಿಲ ಹತ್ತಿರ ಹೋಗಿ, ಏನೋ ನೆನಪಾದವರ ಹಾಗೆ ತಿರುಗಿದ್ದರು. ನಾನೂ ಬಾಗಿಲ ತನಕ ಹೋಗಿ ತಿರುಗಿದೆ. "ಪೂರ್ತಿ ಒಣಗಿದ ಹಾಗೆ ಕಂಡ್ರೂ ಎಸೀಬೇಡ. ಬುಡದ ಹತ್ರ ಉಗುರಲ್ಲಿ ಕೆರೆದು ನೋಡು. ಒಳಗೆ ಹಸಿರಿದ್ರೆ ಜೀವ ಇದೆ. ಗೊತ್ತಾಯ್ತಾ?"

"ಗೊತ್ತಾಗಿಲ್ಲ ಬಿಡು," ಅಂತ ಮಗು ಮತ್ತು ನಾನು ಒಟ್ಟಿಗೆ ಮುಗಿಸಿದೆವು.

ಇಬ್ಬರೂ ಓಡಿ ಕುಂಡದ ಮುಂದೆ ಮಂಡಿಯೂರಿದೆವು. ಮೇಲಿನ ಕೊಂಬೆ ಕೆರೆದೆ, ಕಂದು. ನಡುವೆ ಕೆರೆದೆ, ಕಂದು. ಬುಡದ ಹತ್ತಿರ ಅವಳೇ ಪುಟ್ಟ ಉಗುರಲ್ಲಿ ಕೆರೆದಳು. ಸೌತೆಕಾಯಿ ಸಿಪ್ಪೆಯ ಒಳಮೈಯಂಥ ಎಳೆ ಹಸಿರು. ಅವಳು ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಕಿರುಚಿದ್ದಳು, ಕಿರುಚಾಟಕ್ಕೆ ಭಾಷೆ ಇರಲಿಲ್ಲ.

ಆವತ್ತೇ ಬಚ್ಚಲಿನಲ್ಲಿ ಕುಂಡ ಬೋರಲು ಹಾಕಿ, ಮಜ್ಜಿಗೆ ಮಣ್ಣನ್ನೆಲ್ಲ ತೊಳೆದು, ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣಿಗೆ ಕೂರಿಸಿದೆವು. ಮೊಣಕಾಲೆತ್ತರಕ್ಕೆ ಕತ್ತರಿ ಹಾಕಿದೆ. ಯಾರ ಮೊಣಕಾಲು ಅಂತ ಅಕ್ಕ ಹೇಳಿರಲಿಲ್ಲ, ಹಸಿರಿದ್ದದ್ದು ಮಗುವಿನ ಮೊಣಕಾಲಿನ ತನಕ ಮಾತ್ರ. ಶನಿವಾರದ ಕರೆಗಳಿಗೆ ಮಾರ್ಚಿನ ತನಕ ನನ್ನ ನೆಟ್‌ವರ್ಕ್ ಸರಿಹೋಗಲೇ ಇಲ್ಲ. ಅಂದಿನಿಂದ ಕತ್ತಲಾದ ಮೇಲೆ ರೂಮಿನ ನಡುಮಧ್ಯದ ಬೆಚ್ಚಗಿನ ಜಾಗ ಬಳ್ಳಿಗೆ. ಅಲ್ಲಿ ಹಾಸುತ್ತಿದ್ದ ನನ್ನ ಹಾಸಿಗೆ ಗಾಜಿನ ಪಕ್ಕಕ್ಕೆ ಸರಿಯಿತು. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತಂತೆ. ನಾನು ನೆಗಡಿಗೆ ಹೋದೆ.

ಮಾರ್ಚಿನಲ್ಲಿ ಅಕ್ಕ ವಾಪಸು ಬಂದವರು ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ನೇರ ನನ್ನ ರೂಮಿಗೆ ಬಂದರು. ನನ್ನೆತ್ತರ ಬಿಟ್ಟುಹೋದ ಬಳ್ಳಿಯ ಜಾಗದಲ್ಲಿ ಮೂರು ಮೋಟು ಕಡ್ಡಿ, ಪಕ್ಕದಲ್ಲಿ ಬೆಂಕಿಕಡ್ಡಿ ತಲೆಯಂಥ ಒಂದೆರಡು ಚಿಗುರು. ಅವರು ಬಗ್ಗಿ ಕುಂಡ ಮೂಸಿದರು.

"ಏನು ಕುಡಿಸಿದ್ದೆ ಇದಕ್ಕೆ?"

ಮಣ್ಣು ಬದಲಾಯಿಸಿದ್ದೆ, ಕುಂಡ ಅದೇ. "ಮಜ್ಜಿಗೆ," ಅಂದೆ.

ಬೈಯುತ್ತಾರೆ, ಆ ಬೈಗುಳವನ್ನೂ ಕಲಿಯೋಣ ಅಂತ ಕಿವಿ ನೆಟ್ಟಗೆ ಮಾಡಿಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಂತಿದ್ದ ಮಫ್ಲರಿನ ತುದಿಯಲ್ಲಿ ಒರೆಸಿದರು. "ಜೂನಿಗೆ ಮೊಗ್ಗು ಬರತ್ತೋ ಇಲ್ವೋ. ಮಗೂಗೆ ಕತ್ತರಿ ಮುಂದಕ್ಕೆ ಹಾಕು ಅಂತ ನಾನು ಹೇಳಲ್ಲ. ಕೊಡ್ತೀನಿ ಅಂದಿದಾಳೆ, ಕೊಡ್ಲಿ," ಅಂದರು. ಆ ದನಿಯನ್ನು ನಾನು ಇವತ್ತಿನ ತನಕ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಆಮೇಲಿನದು ಬಳ್ಳಿಯ ಪೌರುಷ. ಯುಗಾದಿಗೆ ನಾವು ಬೇವು ಬೆಲ್ಲ ತಿಂದೆವು, ಅದು ಮೊದಲ ಗೊಬ್ಬರ ತಿಂದಿತು. ಮೇ ತಿಂಗಳಲ್ಲಿ ನನ್ನ ಬಾಲ್ಕನಿಗೆ ಇಳಿಸಿದೆವು, ಒಮ್ಮೆಲೇ ಬಿಸಿಲಿಗಲ್ಲ, ಮೊದಲು ಒಗೆದ ಬಟ್ಟೆಗಳ ನೆರಳಿಗೆ. ತಿಂಗಳುಗಟ್ಟಲೆ ಒಳಗಿದ್ದದ್ದು ದಿಢೀರ್ ಬಿಸಿಲಿಗೆ ಹೋದರೆ ಎಲೆ ಸುಡುತ್ತದಂತೆ. ಈ ಸಲ ನಾನು ಮಾತನ್ನೂ ಕೇಳಿಸಿಕೊಂಡಿದ್ದೆ. ಕತ್ತರಿಸಿದ ಒಂದೊಂದು ಕಡೆಯಿಂದ ಎರಡೆರಡು ಚಿಗುರು ಎದ್ದು ಬಿದಿರು ಹತ್ತಿದವು. ಜೂನಿನ ಮಳೆ ಹಿಡಿಯುವ ಹೊತ್ತಿಗೆ ಚಿಗುರಿನ ತುದಿತುದಿಯಲ್ಲಿ ಅಕ್ಕಿ ಕಾಳಿನಂಥ ಮೊಗ್ಗು. ಆಫೀಸಿಗೆ ಹೋಗುವ ಮೊದಲು ಬಗ್ಗಿ ಒಂದೊಂದಕ್ಕೂ "ಒಹಾಯೋ" ಅಂತ ಶುಭೋದಯ ಹೇಳುತ್ತಿದ್ದೆ. ಕೆಳಗಿನ ಅಜ್ಜಿ ತನಗೆ ಹೇಳಿದ್ದೆಂದು ಪ್ರತಿದಿನ ಉತ್ತರ ಕೊಡುತ್ತಿದ್ದರು.

ಕತ್ತರಿಗೆ ಒಂದು ಭಾನುವಾರ ನಿಗದಿಯಾಯಿತು. ಅದರ ಹಿಂದಿನ ಕೆಲವು ದಿನ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆವು. ಶನಿವಾರ ಬೆಳಿಗ್ಗೆ ಅಕ್ಕನ ಮನೆಯಲ್ಲಿ ಎಲ್ಲ ಹರಡಿ ಕೂತಾಗ ಸತ್ಯ ಕಂಡಿತು. ಆ ಜಡೆಯ ಉದ್ದಕ್ಕೆ ಮೊಗ್ಗು ಅರ್ಧಕ್ಕೂ ಸಾಲದು. ಯಾರೂ ಮಜ್ಜಿಗೆಯ ಹೆಸರೆತ್ತಲಿಲ್ಲ.

ಊರಲ್ಲಾದರೆ ಬಾಳೆ ಪಟ್ಟೆಯ ಮೇಲೆ ಮೊಗ್ಗು ಹೊಲಿಯುತ್ತಾರೆ. ಅಕ್ಕ ತೊಳೆದು ಬಿಡಿಸಿಟ್ಟಿದ್ದ ಹಾಲಿನ ಡಬ್ಬಿಯ ರಟ್ಟನ್ನು ಪಟ್ಟಿ ಪಟ್ಟಿ ಕತ್ತರಿಸಿ, ಅದರ ಮೇಲೆ ಹೊಲಿಯತೊಡಗಿದರು. ನಾನು ಸೂಜಿಗೆ ದಾರ ಪೋಣಿಸುವವನು. ಮೊಗ್ಗು ಮುಗಿಯುತ್ತಾ ಬಂದ ಹಾಗೆ ಅಕ್ಕನ ಕೈ ನಿಧಾನವಾಯಿತು. ಆಗ ಮಗಳು ಎದ್ದುಹೋಗಿ ಒರಿಗಾಮಿ ಕಾಗದದ ಪೆಟ್ಟಿಗೆ ತಂದಳು. ಬಿಳಿ ಹಾಳೆಯ ಚೂರನ್ನು ಬೆರಳ ತುದಿಯಲ್ಲಿ ಹೊಸೆದು, ತುದಿ ಮಡಿಸಿ, ಅಮ್ಮನ ಅಂಗೈಯಲ್ಲಿ ಇಟ್ಟಳು. ಮೊಗ್ಗು! ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಪ್ಲಾಸ್ಟಿಕ್ ಅಂದದ್ದಕ್ಕೆ ಕಣ್ಣು ಕೆಕ್ಕರಿಸಿದವರು ಅದನ್ನು ನಿಜ ಮೊಗ್ಗಿನ ಪಕ್ಕ ಹೊಲಿದರು. ಆಮೇಲೆ ಭಾವನೂ ಕೂತು ಹೊಸೆದರು. ಅವರ ಮೊಗ್ಗುಗಳು ಬೀಡಿಯ ಹಾಗಿದ್ದವು, ಜಡೆಯ ಒಳಗಡೆಗೆ ಹೋದವು.

ಹೀಗೆ ನೆತ್ತಿಯಿಂದ ಬೆನ್ನಿನ ನಡುವಿನ ತನಕ ಮಲ್ಲಿಗೆ, ಅಲ್ಲಿಂದ ಸೊಂಟದ ತನಕ ಕಾಗದ. ಹಸಿರು ಲಂಗ, ಹಿಂದೆ ಕನ್ನಡಿ. ಮಗು "ಒಮೋಯಿ, ಒಮೋಯಿ" ಅಂತ, ಭಾರ ಭಾರ ಅಂತ ಮುಖ ಹಿಂಡಿದಾಗ ಅಕ್ಕ ಚಪ್ಪಾಳೆ ತಟ್ಟಿ, "ಅದೇ ಮುಖ! ಅದೇ ಬೇಕಿದ್ದದ್ದು! ತೆಗೀರಿ ಫೋಟೋ!" ಅಂತ ಕೂಗಿದರು. ಈಗ ಆ ಮನೆಯಲ್ಲಿ ಮೂರು ತಲೆಮಾರಿನ ಅಳುಮೋರೆ ಸಾಲಾಗಿ ತೂಗುತ್ತಿವೆ. ಮರುದಿನ ಜಡೆಯನ್ನು ರಬ್ಬರ್ ಬ್ಯಾಂಡ್ ಹಾಕಿ ಕತ್ತರಿಸಿ, ಕೊಡಬೇಕಾದಲ್ಲಿಗೆ ಕೊಟ್ಟರು. ಕಿವಿಯ ತನಕದ ಕೂದಲಿನಲ್ಲಿ ಅವಳು ಗಾಳಿಗೆ ತಲೆ ಕೊಡವುತ್ತಾ ಓಡಾಡಿದಳು.

ಆದರೆ ಹೇಳಬೇಕಾದದ್ದು ಶನಿವಾರದ ಊಟದ ಹೊತ್ತಿನ ಮಾತು. ಫೋಟೋ ಮುಗಿದು ಬಿಸಿಬೇಳೆಬಾತಿಗೆ ಕೂತಿದ್ದೆವು. ಹೊಟ್ಟೆ ತುಂಬಿದ ಮೇಲೆ ನನಗೆ ನಾಲಿಗೆ ತುರಿಸಿತು.

"ಏನೇ ಹೇಳಿ ಅಕ್ಕ, ಕೊನೆಗೂ ಬಳ್ಳಿ ಉಳಿಸಿದ್ದು ನಾನೇ."

"ಸೈಕಲ್ ನಂದು," ಅಂದರು ಭಾವ.

"ಸೈಕಲ್ ಯಾರಾದ್ರೂ ತಳ್ತಾರೆ ಭಾವ. ನಡು ಚಳೀಲಿ, ಸತ್ತ ಬಳ್ಳೀನ ಎಬ್ಬಿಸಿದ್ದು ಯಾರು? ಕೇಳಿ ನಿಮ್ಮ ಮಗಳನ್ನ."

ಮಗಳಿಗೆ ಬೇರೆ ಹಂಚಿಕೆ ಇತ್ತು. ಚಮಚ ಕೆಳಗಿಟ್ಟು, ಅಮ್ಮನನ್ನೂ ನನ್ನನ್ನೂ ನೋಡಿ, "ಮಾಮಾ, ಅಮ್ಮ ಯಾತ್ತೆ," ಅಂದಳು. ಭಾವನಿಗೆ ಕೆಮ್ಮು ಬಂತು.

"ಏನದು?" ಅಂದರು ಅಕ್ಕ. "ಮಾಡು. ನನ್ನೆದುರಿಗೇ ಮಾಡು."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಎದ್ದೆ. ಸೊಂಟಕ್ಕೆ ಕೈ, ಮಣ್ಣಿಗೆ ಬೆರಳು, ಏಸಿ ಕಡೆ ಮೂಗು ಮುರಿತ, ತುಳಸಿಕಟ್ಟೆ, ಹಪ್ಪಳ, ಯುಗಾದಿ, ಬಾಗಿಲ ತನಕ ಹೋಗಿ ತಿರುಗಿ ಉಗುರಲ್ಲಿ ಕೆರೆಯುವುದು, ಒಂದೂ ಬಿಡದೆ ಮಾಡಿದೆ. "ಗೊತ್ತಾಯ್ತಾ?"ಕ್ಕೆ ಬರುವಷ್ಟರಲ್ಲಿ ಭಾವ ತಟ್ಟೆಯ ಮೇಲೆ ಬಗ್ಗಿದ್ದರು. ಜನವರಿಯಲ್ಲಿ ಇದೇ ಮಾತು ಬಾಯಿಂದ ಬಂದು ಬಳ್ಳಿ ಬದುಕಿತು ಅಂತ ಕಥೆಯನ್ನೂ ಹೇಳಿ, ಚಪ್ಪಾಳೆಗೆ ಕಾದು ನಿಂತೆ.

ಅಕ್ಕ ನಗಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿತು. ತಲೆಯನ್ನು ಹಿಂದಕ್ಕೆ ಎತ್ತಿ, ನಾನು ಮಾಡಿದ್ದಕ್ಕಿಂತ ನೂರು ಪಾಲು ಚೆನ್ನಾಗಿ, ನನ್ನನ್ನು ನೋಡಿದರು.

"ಆವತ್ತು ನಿನ್ನ ಬಾಯಲ್ಲಿ ಮಾತಾಡಿದ್ದು ಯಾರೋ? ನಾನು. ಅಂದ್ಮೇಲೆ ಬಳ್ಳಿ ಉಳಿಸಿದ್ದೂ ನಾನೇ. ಮಜ್ಜಿಗೆ ಮಾತ್ರ ನಿಂದು."